ಆಯಿ ಕಥೆ ಬರೆದಿಟ್ಟ ಮಾಸ್ತರ

ಮೂರನೇ ಸೆಮಿಸ್ಟರ್‌ನಲ್ಲಿ ನನ್ನ ಗಣಿತದ ಪೇಪರ್ ಬ್ಯಾಕ್ ಉಳಿದಿತ್ತು. ಊರಿಗೆ ಹೋಗಿ ಅಪ್ಪನಿಗೆ ಹೇಗೆ ಹೇಳಲಿ ಎಂದು ರಜೆಯಲ್ಲೂ ಹಾಸ್ಟೆಲ್‌ನಲ್ಲೇ ಕೂತಿದ್ದೆ. ರೂಮ್‌ಮೇಟ್ ಹತ್ತಿರ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕಥೆಗಳ ಇಂಗ್ಲಿಷ್ ಪುಸ್ತಕವಿತ್ತು. ಹೊತ್ತು ಹೋಗಲಿ ಎಂದು ತೆರೆದೆ. ‘ಹಂಚಿ’ ಎಂಬ ಕಥೆ ಸಿಕ್ಕಿತು. ಬಂಗಾರದ ಕೂದಲಿನ ಹುಡುಗಿಯೊಬ್ಬಳು ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು, ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಎರಡು ಪುಟ ಓದುವಷ್ಟರಲ್ಲಿ ಮೈ ಜುಮ್ಮೆಂದಿತು. ಇದು ನಮ್ಮ ಆಯಿ ಹೇಳುತ್ತಿದ್ದ ಕಥೆ! ಸಣ್ಣವನಿದ್ದಾಗ ರೊಟ್ಟಿ ಸುಡುವ ಹಂಚನ್ನೇ ಆಕೆ ಮುಖಕ್ಕೆ ಕಟ್ಟಿಕೊಂಡಿದ್ದಾಳೆಂದು ತಿಳಿದು, ಮುಖ ಸುಟ್ಟೀತಲ್ಲ ಎಂದು ಚಿಂತೆ ಮಾಡಿದ್ದೆ.

ಆ ಕಥೆಯನ್ನು ರಾಮಾನುಜನ್ ಕೇಳಿ ಬರೆದುಕೊಂಡಿದ್ದು 1955ರಲ್ಲಿ, ಕಿತ್ತೂರಿನಲ್ಲಿ. ಧಾರವಾಡದಿಂದ ಬಸ್ಸು ಹತ್ತಿದರೆ ತಾಸಿನ ದಾರಿ.

ಅವರು ನಮ್ಮ ಕಡೆಯವರಲ್ಲ. 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಹುಟ್ಟಿದವರು. ಮಹಡಿಯ ಮೇಲೆ ಅಪ್ಪನ ಜೊತೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಬೀದಿಗಿಳಿದರೆ ಕನ್ನಡ. ಕಥೆಗಳು ಸಿಗುತ್ತಿದ್ದುದು ಅಡುಗೆಮನೆಯಲ್ಲಿ, ತುತ್ತಿನ ಜೊತೆ. ತಂದೆ ಗಣಿತದ ಪ್ರಾಧ್ಯಾಪಕರು. ಮಗ ಮೊದಲು ವಿಜ್ಞಾನಕ್ಕೇ ಸೇರಿದ್ದ. ಇವನಿಗೆ ಗಣಿತ ಒಗ್ಗುವುದಿಲ್ಲ ಎಂದು ಕಂಡುಕೊಂಡ ತಂದೆಯೇ ಇಂಗ್ಲಿಷ್ ಸಾಹಿತ್ಯದ ಕಡೆ ತಿರುಗಿಸಿದರು. ಇದನ್ನು ಓದಿ ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ನಮ್ಮಪ್ಪನ ತಲೆಯಲ್ಲಿರುವುದು ಕಡಲೆ ದರ ಮತ್ತು ನನ್ನ ಫೀಗಾಗಿ ತೆಗೆದ ಸಾಲದ ಲೆಕ್ಕ. ನಾನು ತಿರುಗುವ ಹಾಗಿಲ್ಲ.

1950ರ ದಶಕದಲ್ಲಿ ರಾಮಾನುಜನ್ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಶೇಕ್ಸ್‌ಪಿಯರ್ ಪಾಠ ಮಾಡುವ ಮಾಸ್ತರ ಹಳ್ಳಿಯ ಹೆಂಗಸರ ಮುಂದೆ ಕೂತು ಕಥೆ ಬರೆದುಕೊಳ್ಳುವುದೆಂದರೆ ಇವತ್ತಿಗೂ ನಾಲ್ಕು ಜನ ನಕ್ಕಾರು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲೇ ಮನೆಮಾತಿನ ಕಥೆಗಳನ್ನು ಅಚ್ಚು ಹಾಕಿಸಿದ್ದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಸಿಂಡ್ರೆಲಾ ಇದ್ದಳು, ಹಂಚಿ ಇರಲಿಲ್ಲ. ರಾಮಾನುಜನ್ ಒಂದೇ ಕಥೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಿದ್ದರು. ಒಬ್ಬೊಬ್ಬರಲ್ಲಿ ಒಂದೊಂದು ತರಹ ಬಂದರೆ ಯಾವುದು ಸರಿ ಎಂದು ತಕರಾರು ತೆಗೆಯಲಿಲ್ಲ. ಎಲ್ಲವೂ ಕಥೆಯೇ.

1959ರಲ್ಲಿ ಫುಲ್‌ಬ್ರೈಟ್ ಮೇಲೆ ಅಮೆರಿಕಕ್ಕೆ ಹೋದರು. ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ, 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ, 1976ರಲ್ಲಿ ಪದ್ಮಶ್ರೀ. ಕನ್ನಡದಲ್ಲಿ ಕವಿತೆ ಬರೆಯುವುದನ್ನು ಬಿಡಲಿಲ್ಲ. ಕಥೆಗಳೂ ಅವರ ಪೆಟ್ಟಿಗೆಯಲ್ಲೇ ಇದ್ದವು.

ಅದರಲ್ಲೊಂದು ಹೂಬಿಡುವ ಮರದ ಕಥೆ. ಬಡವರ ಮನೆಯ ತಂಗಿ ಮರವಾಗುತ್ತಾಳೆ. ಅಕ್ಕ ಹೂ ಬಿಡಿಸಿಕೊಂಡು ಕೊಡದ ನೀರು ಸುರಿದರೆ ಮತ್ತೆ ಹುಡುಗಿ. ಮುಂದೆ ಯಾರೋ ಟೊಂಗೆ ಮುರಿದು ಹಾಕುತ್ತಾರೆ, ಆಕೆ ಅರ್ಧ ದೇಹವಾಗಿ ಉಳಿಯುತ್ತಾಳೆ. ಇದೇ ಕಥೆಯಿಂದ ಗಿರೀಶ ಕಾರ್ನಾಡರು ‘ಚೆಲುವಿ’ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಕಾರ್ನಾಡರ ‘ನಾಗಮಂಡಲ’ದ ಹಿಂದಿರುವುದೂ ರಾಮಾನುಜನ್ ಹೇಳಿದ ಕಥೆಗಳೇ.

1993ರ ಜುಲೈ 13ರಂದು ಶಿಕಾಗೊದಲ್ಲಿ ರಾಮಾನುಜನ್ ತೀರಿಕೊಂಡರು. ವಯಸ್ಸು 64. ಕನ್ನಡದ 77 ಕಥೆಗಳ ಪುಸ್ತಕ ಹೊರಬಂದಿದ್ದು ಆಮೇಲೆ, 1997ರಲ್ಲಿ. ಅದನ್ನು ಅವರು ನೋಡಲಿಲ್ಲ.

ಪುಸ್ತಕ ಹಿಡಿದುಕೊಂಡೇ ಊರಿಗೆ ಹೋದೆ. ಬ್ಯಾಕ್ ವಿಷಯಕ್ಕೆ ಅಪ್ಪ ಒಂದು ದಿನ ಮಾತು ಬಿಟ್ಟರು, ಅಷ್ಟೇ. ಮಧ್ಯಾಹ್ನ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಚ್ಚಿ ಆಯಿಯ ಮುಂದೆ ಕೂತರೆ ಆಕೆ ಒಪ್ಪಲಿಲ್ಲ. ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನಂತೆ. ನಮ್ಮ ಮಾವ ಲಾರಿ ಡ್ರೈವರ್. ಕತ್ತಲಾಗುವವರೆಗೆ ಕಾದೆ.

ಆಯಿಗೆ ಈಗ ಮರೆವು. ಹಂಚಿ ಸಾಹುಕಾರನ ಮನೆ ಸೇರುವವರೆಗೆ ಸರಾಗವಾಗಿ ಹೇಳಿದಳು. ಅಲ್ಲಿಂದ ಮುಂದೆ ತಡಕಾಡಿ, ಉಳಿದದ್ದನ್ನು ನಮ್ಮ ದೊಡ್ಡಾಯಿಯನ್ನು ಕೇಳು ಎಂದಳು. ದೊಡ್ಡಾಯಿ ತೀರಿ ಆರು ವರ್ಷವಾಯಿತು. ನಾನು ಪುಸ್ತಕ ತೆಗೆದು ಮುಂದಿನ ಭಾಗವನ್ನು ಕನ್ನಡದಲ್ಲಿ ಹೇಳತೊಡಗಿದೆ. ಆಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುವೆ ತಟ್ಟನೆ ತಡೆದು, ಅದು ಹಂಗಲ್ಲ ಎಂದು ತಾನೇ ಮುಂದುವರಿಸಿದಳು.