ಕಾಣದ ಜೀವಿಗಳನ್ನು ಕಂಡವರು

ವಯನಾಡಿನ ತೋಟಗಳಲ್ಲಿ ಕಾಳುಮೆಣಸೂ ಕಾಫಿಯೂ ಬೆಳೆಯುತ್ತವೆ. ಮೆಣಸು ನೆನೆಸಿದ ನೀರಿನಲ್ಲಿ, ಕಾಫಿ ಕುಡಿದ ಬಾಯಿಯಲ್ಲಿ ಏಕಕೋಶ ಜೀವಿಗಳನ್ನು ಹುಡುಕಿದವರೊಬ್ಬರಿದ್ದರು. ಅವರೇ ಆಂಟನಿ ವಾನ್ ಲೀವೆನ್‌ಹುಕ್.

ಅವರು 1632ರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದರು. ತಂದೆ ಬುಟ್ಟಿ ಹೆಣೆಯುವವರು. ಆಂಟನಿ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹದಿನಾರನೆಯ ವಯಸ್ಸಿನಲ್ಲಿ ಅವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ತಾವೇ ಬಟ್ಟೆ ವ್ಯಾಪಾರಿಯಾದರು. ಆಗ ವ್ಯಾಪಾರಿಗಳು ಬಟ್ಟೆಯ ನೂಲನ್ನು ಪರೀಕ್ಷಿಸಲು ಮಸೂರ ಬಳಸುತ್ತಿದ್ದರು. ಲೀವೆನ್‌ಹುಕ್ ಬಿಡುವಿನ ವೇಳೆಯಲ್ಲಿ ಗಾಜನ್ನು ಉಜ್ಜಿ ಪುಟ್ಟ ಮಸೂರಗಳನ್ನು ಮಾಡಿದರು. ಅವುಗಳಿಂದ ಸೂಕ್ಷ್ಮದರ್ಶಕಗಳನ್ನು ತಯಾರಿಸಿದರು. ಅವುಗಳಲ್ಲಿ ಕೆಲವು ವಸ್ತುವನ್ನು 200 ಪಟ್ಟಿಗಿಂತಲೂ ದೊಡ್ಡದಾಗಿ ತೋರಿಸುತ್ತಿದ್ದವು.

ಮೆಣಸು ಏಕೆ ಖಾರವಾಗಿರುತ್ತದೆ? ಇದನ್ನು ತಿಳಿಯಲು ಅವರು 1676ರಲ್ಲಿ ಮೆಣಸನ್ನು ನೀರಿನಲ್ಲಿ ನೆನೆಹಾಕಿದರು. ಖಾರದ ಕಾರಣ ಸಿಗಲಿಲ್ಲ. ಆದರೆ ಕೆಲವು ವಾರಗಳ ಬಳಿಕ ಆ ನೀರಿನ ಒಂದು ಹನಿಯಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದವು! ಅವುಗಳಲ್ಲಿ ಬ್ಯಾಕ್ಟೀರಿಯಾಗಳೂ ಇದ್ದವು.

ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಕಾಲೇಜು ಓದದ, ಡಚ್ ಭಾಷೆ ಮಾತ್ರ ಬಲ್ಲ ವ್ಯಾಪಾರಿಯ ಮಾತನ್ನು ವಿದ್ವಾಂಸರು ಸುಲಭವಾಗಿ ನಂಬಲಿಲ್ಲ. ಲೀವೆನ್‌ಹುಕ್ ಎದೆಗುಂದಲಿಲ್ಲ. ಗಣ್ಯರನ್ನು ಮನೆಗೆ ಕರೆದು ಆ ಜೀವಿಗಳನ್ನು ತೋರಿಸಿದರು. ಅವರ ಸಾಕ್ಷಿಪತ್ರಗಳನ್ನು ಲಂಡನ್ನಿಗೆ ಕಳುಹಿಸಿದರು. 1677ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿಯೂ ಅದೇ ಪ್ರಯೋಗ ಮಾಡಿ ಆ ಜೀವಿಗಳನ್ನು ಕಂಡರು. 1680ರಲ್ಲಿ ಸೊಸೈಟಿಯು ಲೀವೆನ್‌ಹುಕ್ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು.

ಅವರು ತಮ್ಮ ಹಲ್ಲಿನ ಕೊಳೆಯನ್ನೂ ಪರೀಕ್ಷಿಸಿದರು. ಅದರಲ್ಲಿಯೂ ಜೀವಿಗಳಿದ್ದವು. 1692ರಲ್ಲಿ ಮಾತ್ರ ಮುಂದಿನ ಹಲ್ಲುಗಳಲ್ಲಿ ಅವು ಕಾಣಲಿಲ್ಲ. ತಾವು ಕುಡಿಯುವ ಬಿಸಿಬಿಸಿ ಕಾಫಿಗೆ ಅವು ಸತ್ತಿರಬಹುದೇ ಎಂಬ ಯೋಚನೆ ಬಂತು. ಕಾಫಿಯ ಬಿಸಿ ಅಷ್ಟಾಗಿ ತಾಗದ ಹಿಂದಿನ ಹಲ್ಲುಗಳನ್ನು ನೋಡಿದರು. ಅಲ್ಲಿ ಜೀವಿಗಳು ಬದುಕಿದ್ದವು! ನಾವು ನೀರನ್ನು ಕುದಿಸಿ ಕುಡಿಯುವುದೂ ರೋಗಾಣುಗಳು ಬಿಸಿಗೆ ಸಾಯುತ್ತವೆ ಎಂದೇ. ಲೀವೆನ್‌ಹುಕ್ 1723ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.

ಹಾಗಾದರೆ ಎಲ್ಲ ಏಕಕೋಶ ಜೀವಿಗಳೂ ಬಿಸಿಗೆ ಸಾಯುತ್ತವೆಯೇ? ಇಲ್ಲ. ನೆಲದೊಳಗಿನ ಶಾಖದಿಂದ ಕಾದ ನೀರು ಕೆಲವೆಡೆ ಬುಗ್ಗೆಯಾಗಿ ಹೊರಬರುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಅಂಥ ಒಂದು ಬುಗ್ಗೆಯಿಂದ 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಒಂದು ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಅದರ ಹೆಸರು ಥರ್ಮಸ್ ಅಕ್ವಾಟಿಕಸ್. ನಮ್ಮ ಕೈ ಸುಡುವ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಬಿಸಿಗೆ ಕೆಡದ ಅದರ ಒಂದು ಕಿಣ್ವ ಕೋವಿಡ್ ರೋಗದ ಪರೀಕ್ಷೆಗೂ ನೆರವಾಯಿತು.

ಬಿಸಿಯನ್ನು ತಾಳಲಾರದ ಜೀವಿಗಳನ್ನು ಲೀವೆನ್‌ಹುಕ್ ಕಂಡರು. ಬಿಸಿಯಲ್ಲಿಯೇ ಬಾಳುವ ಜೀವಿಗಳನ್ನು ಮುಂದಿನವರು ಕಂಡರು. ಇಬ್ಬರ ದಾರಿಯೂ ಒಂದೇ: ಸ್ವತಃ ನೋಡುವುದು, ಸಂಶಯ ಬಂದರೆ ಮತ್ತೊಮ್ಮೆ ಪರೀಕ್ಷಿಸುವುದು.