ಕೊಶ್ಚುಷ್ಕೊ: ಹೆಸರಿನ ವ್ಯಾಪ್ತಿ ಮತ್ತು ಬದುಕಿನ ಆಶಯ

ವ್ಯಕ್ತಿಯೊಬ್ಬನ ಹೆಸರನ್ನು ಊರು, ಬೆಟ್ಟ, ಸೇತುವೆಗಳಿಗೆ ಇಟ್ಟಾಗ ಆತನ ಸ್ಮರಣೆ ಉಳಿಯುತ್ತದೆ. ಆತನ ಆಶಯವೂ ಉಳಿಯುತ್ತದೆಯೇ ಎಂಬುದು ಜೀವನಚರಿತ್ರೆಯ ಅಧ್ಯಯನದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಪೋಲೆಂಡಿನ ಕೊಶ್ಚುಷ್ಕೊ ಮನೆತನದ ತದೇವುಷ್‌ನ ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಕೊನ್‌ಸ್ತಾಂತಿ ಎಂಬ ಪೂರ್ವಜನ ಹೆಸರಿನ ಮುದ್ದುರೂಪವೇ ಈ ಕುಲನಾಮವಾಯಿತು. ಅರಸ ಒಂದನೆಯ ಸಿಗಿಸ್ಮಂಡ್ 1509ರಲ್ಲಿ ಆತನಿಗೆ ಸೆಹ್ನೊವಿಚೆಯ ಜಮೀನನ್ನು ನೀಡಿದನು. ಈ ವಂಶದಲ್ಲಿ ತದೇವುಷ್ 1746ರಲ್ಲಿ, ಇಂದಿನ ಬೆಲರೂಸಿಗೆ ಸೇರಿದ ಪ್ರದೇಶದಲ್ಲಿ ಜನಿಸಿದನು. ವಾರ್ಸಾದ ಸೈನಿಕ ಶಾಲೆಯಲ್ಲಿಯೂ ಅನಂತರ ಫ್ರಾನ್ಸಿನಲ್ಲಿಯೂ ಕಲಿತು, 1776ರಲ್ಲಿ ಅಮೆರಿಕೆಗೆ ತೆರಳಿ ಅಲ್ಲಿನ ಸ್ವಾತಂತ್ರ್ಯ ಯುದ್ಧದಲ್ಲಿ ಎಂಜಿನಿಯರನಾಗಿ ಸೇವೆ ಸಲ್ಲಿಸಿದನು. 1777ರ ಸರಟೋಗ ಕದನದ ರಕ್ಷಣಾ ವ್ಯವಸ್ಥೆ ಹಾಗೂ ವೆಸ್ಟ್ ಪಾಯಿಂಟಿನ ಕೋಟೆಗಳು ಆತನ ಯೋಜನೆಯ ಫಲ.

1784ರಲ್ಲಿ ತಾಯ್ನಾಡಿಗೆ ಮರಳಿದ ಆತ, 1794ರಲ್ಲಿ ರಷ್ಯಾದ ವಿರುದ್ಧದ ದಂಗೆಯ ನಾಯಕತ್ವ ವಹಿಸಿದನು. ಏಪ್ರಿಲ್ 4ರ ರಾತ್ಸ್‌ವಾವಿತ್ಸೆ ಕದನದಲ್ಲಿ ಉದ್ದ ಹಿಡಿಯ ಕುಡುಗೋಲುಗಳನ್ನು ಹಿಡಿದ ರೈತರು ಶತ್ರುವಿನ ಫಿರಂಗಿಗಳನ್ನೇ ವಶಪಡಿಸಿಕೊಂಡರು. ಮೇ 7ರ ಪೊವಾನ್ಯೆತ್ಸ್ ಘೋಷಣೆಯು ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯವನ್ನು ಸಾರಿ, ಅವರ ಬಿಟ್ಟಿ ದುಡಿಮೆಯನ್ನು ತಗ್ಗಿಸಿತು. ಭೂಮಾಲೀಕ ಕುಲದವನೊಬ್ಬ ತನ್ನ ಕುಲದ ಹಕ್ಕನ್ನೇ ಮೊಟಕುಗೊಳಿಸಿದ ಈ ಘಟ್ಟವು ಆತನ ಬದುಕಿನ ಕೇಂದ್ರವೆನ್ನಬಹುದು. ಆದರೆ ಅಕ್ಟೋಬರಿನಲ್ಲಿ ಆತ ಗಾಯಗೊಂಡು ಸೆರೆಯಾದನು, ದಂಗೆ ಸೋತಿತು, 1795ರಲ್ಲಿ ಪೋಲೆಂಡ್ ಭೂಪಟದಿಂದಲೇ ಮರೆಯಾಯಿತು.

1796ರಲ್ಲಿ ಬಿಡುಗಡೆಗೊಂಡ ಆತ ಮತ್ತೊಮ್ಮೆ ಅಮೆರಿಕೆಗೆ ಹೋದನು. ಅಲ್ಲಿರುವ ತನ್ನ ಹಣದಿಂದ ಕಪ್ಪು ಗುಲಾಮರನ್ನು ಬಿಡಿಸಿ ಅವರಿಗೆ ಶಿಕ್ಷಣ ಕೊಡಿಸಬೇಕೆಂದು 1798ರಲ್ಲಿ ಉಯಿಲು ಬರೆದು, ಥಾಮಸ್ ಜೆಫರ್‌ಸನ್ನನಿಗೆ ಒಪ್ಪಿಸಿದನು. 1817ರ ಅಕ್ಟೋಬರ್ 15ರಂದು ಸ್ವಿಟ್ಜರ್ಲೆಂಡಿನಲ್ಲಿ ಆತ ತೀರಿಕೊಂಡ ಮೇಲೆ ಜೆಫರ್‌ಸನ್ ಆ ಹೊಣೆಯನ್ನು ನಿರ್ವಹಿಸಲಿಲ್ಲ. 1816ರ ಉಯಿಲು ಹಿಂದಿನದನ್ನು ರದ್ದುಪಡಿಸಿದೆಯೆಂದು ಅಮೆರಿಕೆಯ ಸುಪ್ರೀಂ ಕೋರ್ಟ್ 1852ರಲ್ಲಿ ತೀರ್ಮಾನಿಸಿತು. ಆಸ್ತಿ ಯೂರೋಪಿನ ಬಂಧುಗಳ ಪಾಲಾಯಿತು. ಆ ಹಣದಿಂದ ಒಬ್ಬ ಗುಲಾಮನೂ ಬಿಡುಗಡೆ ಹೊಂದಲಿಲ್ಲ.

ಹೆಸರು ಮಾತ್ರ ಖಂಡಾಂತರಗಳಿಗೆ ಹಬ್ಬಿತು. 1840ರಲ್ಲಿ ಪೋಲಿಷ್ ಅನ್ವೇಷಕ ಸ್ಟ್ರೆಲೆಟ್ಸ್‌ಕಿ ಅದನ್ನು ಆಸ್ಟ್ರೇಲಿಯದ ಶಿಖರವೊಂದಕ್ಕೆ ಇಟ್ಟನು. 2,228 ಮೀಟರ್ ಎತ್ತರದ ಕೊಶ್ಚುಷ್ಕೊ ಇಂದು ಆ ಖಂಡದ ಮುಖ್ಯಭೂಮಿಯ ಅತ್ಯುನ್ನತ ಶಿಖರವೆಂದು ಪ್ರಸಿದ್ಧ. ನ್ಯೂಯಾರ್ಕಿನ ಸೇತುವೆಯೂ ಇಂಡಿಯಾನಾದ ಒಂದು ಕೌಂಟಿಯೂ ಇದೇ ಹೆಸರನ್ನು ಹೊತ್ತಿವೆ. ಗುಲಾಮಗಿರಿಯಿದ್ದ ಮಿಸಿಸಿಪಿ ರಾಜ್ಯದಲ್ಲಿಯೂ ಇದೇ ಹೆಸರಿನ ಊರೊಂದು ತಲೆಯೆತ್ತಿದ್ದು ಇತಿಹಾಸದ ವಿಪರ್ಯಾಸ. ಹೆಸರನ್ನು ಗೌರವಿಸುವುದು ಸುಲಭ, ಉಯಿಲನ್ನು ನೆರವೇರಿಸುವುದು ಕಷ್ಟ ಎಂಬುದಕ್ಕೆ ಈ ಕುಲನಾಮವೇ ಸಾಕ್ಷಿ. ಆದ್ದರಿಂದ ಸ್ಮಾರಕಗಳ ಪಟ್ಟಿಯ ಜೊತೆಗೆ ನೆರವೇರದೆ ಉಳಿದ ಆಶಯಗಳನ್ನೂ ದಾಖಲಿಸಿದಾಗಲೇ ಇಂಥವರ ಚರಿತ್ರೆ ಪೂರ್ಣವಾಗುತ್ತದೆ.