ಕುಂದಗೋಳದ ಸವಾಯಿ ಗಂಧರ್ವರು

ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಷಡ್ಜ ಯಾವುದು, ಪಂಚಮ ಯಾವುದು ಎಂದು ಯಾರಾದರೂ ಕೇಳಿದರೆ ತಡವರಿಸುವವನು ನಾನು. ಇಂಥವನು ಒಬ್ಬ ಮಹಾಗಾಯಕರ ಜೀವನವನ್ನು ಬರೆಯಹೊರಟದ್ದು ನಮ್ಮ ಅಧ್ಯಾಪಕರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಅವರ ಪರಿಚಯ ನನಗಾದದ್ದು ಪುಸ್ತಕದಿಂದಲ್ಲ, ಗೆದ್ದಲು ತಿಂದ ಒಂದು ಪೆಟ್ಟಿಗೆಯಿಂದ. ಆ ಸಂಗತಿಯನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ನನ್ನ ತಂದೆ ಬಡಿಗತನ ಮಾಡುವವರು. ಶಿಗ್ಗಾವಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಇವೇ ಅವರ ಕೆಲಸ. ಎರಡು ವರ್ಷಗಳ ಹಿಂದೆ ಸವಣೂರಿನ ನಿವೃತ್ತ ಮಾಸ್ತರರೊಬ್ಬರು ತಮ್ಮ ಗ್ರಾಮೋಫೋನಿನ ಪೆಟ್ಟಿಗೆಗೆ ಗೆದ್ದಲು ಹತ್ತಿದೆಯೆಂದು ಹೇಳಿಕಳಿಸಿದರು. ಅಂದು ಕಾಲೇಜಿಗೆ ರಜೆಯಿದ್ದುದರಿಂದ ಉಳಿ, ಬಾಚಿಗಳ ಚೀಲ ಹೊತ್ತುಕೊಂಡು ನಾನೂ ಅಪ್ಪನ ಹಿಂದೆ ಹೋದೆ.

ಮಾಸ್ತರರದು ಹಳೆಯ ಮಾಳಿಗೆಯ ಮನೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಕಟ್ಟಿಗೆಯ ಜಂತಿ, ಪಡಸಾಲೆಯಲ್ಲಿ ಹಾಸಿದ ಜಮಖಾನೆ. ತಿಂಗಳಿಗೊಂದು ರವಿವಾರ ಇಲ್ಲಿಗೆ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರುಗಳಿಂದ ಮೂವರು ಹಿರಿಯರು ಬಸ್ಸು ಹತ್ತಿ ಬರುತ್ತಾರೆ. ನಾವು ಹೋದದ್ದು ಅಂಥದೇ ರವಿವಾರ. ಒಬ್ಬರ ಹತ್ತಿರ ವಾಲ್ವಿನ ಮರ್ಫಿ ರೇಡಿಯೋ ಇದೆ. ಸ್ವಿಚ್ಚು ಹಾಕಿ ಅದು ಕಾಯುವವರೆಗೆ ತಾಳ್ಮೆಯಿಂದ ಕುಳಿತಿರಬೇಕು. ಇನ್ನೊಬ್ಬರು ಮುಚ್ಚಿಹೋದ ಟೂರಿಂಗ್ ಟಾಕೀಜಿನ ಲೌಡ್‌ಸ್ಪೀಕರನ್ನು ಕೊಂಡು ಅದಕ್ಕೆ ಹೊಸ ಪೆಟ್ಟಿಗೆ ಮಾಡಿಸಿದ್ದಾರೆ. ಮೂರನೆಯವರ ಹತ್ತಿರ ಯಂತ್ರವೇನೂ ಇಲ್ಲ, ಅಭಿಪ್ರಾಯಗಳು ಮಾತ್ರ ಇವೆ! ಹಳೆಯ ಪ್ಲೇಟನ್ನು ಕೀಲಿ ಕೊಡುವ ಯಂತ್ರದ ಮೇಲೆಯೇ ಕೇಳಬೇಕು, ಕರೆಂಟಿನ ಮೇಲೆ ಕೇಳಿದರೆ ಗಾಯಕನ ಉಸಿರೇ ಹೋಗುತ್ತದೆಂದು ಒಬ್ಬರ ವಾದ. ಕಹಳೆಯಲ್ಲಿ ತಂಬೂರಿಯೇ ಕೇಳಿಸುವುದಿಲ್ಲ, ಲೌಡ್‌ಸ್ಪೀಕರಿನಲ್ಲಿ ಅದೂ ಕೇಳಿಸುತ್ತದೆಂದು ಇನ್ನೊಬ್ಬರ ವಾದ. ಒಂದೇ ವಿಷಯದಲ್ಲಿ ನಾಲ್ವರಿಗೂ ಒಮ್ಮತವಿತ್ತು: ಸಿಮೆಂಟಿನ ಆರ್‌ಸಿಸಿ ಮನೆಯಲ್ಲಿ ದನಿ ಗೋಡೆಗೆ ಬಡಿದು ಮರಳುತ್ತದೆ, ಮಣ್ಣಿನ ಮನೆಯಲ್ಲಿ ಅದು ನಿಲ್ಲುತ್ತದೆ. ಮಣ್ಣಿನ ಮನೆಯಲ್ಲಿಯೇ ಹುಟ್ಟಿ ಬೆಳೆದ ನನಗೆ ಅದರಲ್ಲಿ ಇಂಥದೊಂದು ಗುಣವಿದೆಯೆಂಬುದು ಅಂದೇ ತಿಳಿಯಿತು.

ಅಪ್ಪ ತಳದ ಹಲಗೆಯನ್ನು ಬದಲಿಸಿದ ಮೇಲೆ, ಯಂತ್ರ ಸರಿಯಾಗಿ ಕುಳಿತಿದೆಯೋ ಇಲ್ಲವೋ ನೋಡಲೆಂದು ಮಾಸ್ತರರು ಒಂದು ಪ್ಲೇಟು ಹಚ್ಚಿದರು. ಅದು ಸವಾಯಿ ಗಂಧರ್ವರ ಭೈರವಿ. ಸುಮಾರು ಮೂರು ನಿಮಿಷ; ಅಷ್ಟರಲ್ಲಿ ಮುಗಿದುಹೋಯಿತು. ನನಗೆ ಏನೂ ಅರ್ಥವಾಗಲಿಲ್ಲವೆಂದೇ ಹೇಳಬೇಕು. ಆದರೆ ಮನೆಗೆ ಬರುವ ದಾರಿಯಲ್ಲಿ, ಈ ಧ್ವನಿ ಯಾರದು, ಈ ಮನುಷ್ಯ ಎಂಥವನಿದ್ದ ಎಂಬ ಪ್ರಶ್ನೆ ತಲೆಯಲ್ಲಿ ಕುಳಿತುಬಿಟ್ಟಿತು. ಆ ಬಳಿಕ ತಿಂಗಳುಗಟ್ಟಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸವಾಯಿ ಗಂಧರ್ವರ ನಿಜನಾಮ ರಾಮಚಂದ್ರ ಗಣೇಶ ಸೌಂಶಿ. ಜನರ ಬಾಯಲ್ಲಿ ರಾಮಭಾವು ಕುಂದಗೋಳಕರ. ಹುಟ್ಟಿದ್ದು 1886ನೆಯ ಇಸವಿ ಜನೇವರಿ 19ರಂದು, ಕುಂದಗೋಳದಲ್ಲಿ. ಕುಂದಗೋಳವೆಂದರೆ ನಮ್ಮ ಶಿಗ್ಗಾವಿಗೆ ನೆರೆಯ ಸೀಮೆ. ಆ ಕಾಲದಲ್ಲಿ ಈ ಭಾಗವೆಲ್ಲ ಕೌದಿಯ ಹಾಗೆ ತುಂಡುತುಂಡಾಗಿತ್ತು. ಸವಣೂರಿಗೆ ನವಾಬರು, ಕುಂದಗೋಳಕ್ಕೆ ದೂರದ ಜಮಖಂಡಿಯ ಅರಸರು, ಹಾನಗಲ್ಲಿಗೆ ಇಂಗ್ಲಿಷ್ ಸರಕಾರ. ರಾಮಭಾವುವಿನ ತಂದೆ ಗಣೇಶರಾಯರು ಕುಂದಗೋಳದ ನಾಡಗೀರರ ಹತ್ತಿರ ಗುಮಾಸ್ತರಾಗಿದ್ದರು. ಬಡತನದ ಸಂಸಾರ. ಹುಡುಗನಿಗೆ ಶಾಲೆಯ ವಿದ್ಯೆ ಹತ್ತಲಿಲ್ಲ. ಆದರೆ ಪದ್ಯಗಳನ್ನು ರಾಗವಾಗಿ ಹೇಳುವುದರಲ್ಲಿ ಎತ್ತಿದ ಕೈ. ಅದನ್ನು ಕಂಡು ತಂದೆ ಅವನನ್ನು ಬಳವಂತರಾವ ಕೊಲ್ಹಟಕರ ಎಂಬವರ ಬಳಿ ಸಂಗೀತಕ್ಕೆ ಬಿಟ್ಟರು. 1898ರಲ್ಲಿ ಆ ಗುರುಗಳು ತೀರಿಕೊಂಡರು. ಹನ್ನೆರಡು ವರ್ಷದ ಹುಡುಗನ ವಿದ್ಯೆ ಅರ್ಧಕ್ಕೆ ನಿಂತಿತು.

ಆಗ ದೊರೆತವರು ಉಸ್ತಾದ ಅಬ್ದುಲ್ ಕರೀಂ ಖಾನರು. ಇವರು ಉತ್ತರದ ಕಿರಾನಾ ಊರಿನವರು, ಹುಟ್ಟಿದ್ದು 1872ರಲ್ಲಿ. ಮೈಸೂರು ಅರಮನೆಗೂ ಧಾರವಾಡ, ಹುಬ್ಬಳ್ಳಿಗಳ ಕಡೆಗೂ ಬಂದುಹೋಗುತ್ತಿದ್ದವರು. ನಾಡಗೀರರ ವಾಡೆಯಲ್ಲಿ ಇಂಥ ಗವಾಯಿಗಳಿಗೆ ಸದಾ ಸ್ವಾಗತವಿತ್ತು. ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಲು ಖಾನರು ಒಂದು ಷರತ್ತು ಹಾಕಿದರು: ಎಂಟು ವರ್ಷ ತಮ್ಮ ಬಳಿಯೇ ಇರಬೇಕು. ಗುಮಾಸ್ತರು ಒಪ್ಪಿದರು. ನಮ್ಮ ಬಿ.ಎ. ಮೂರು ವರ್ಷದ್ದು. ಅಷ್ಟಕ್ಕೇ ನಮ್ಮ ಓಣಿಯಲ್ಲಿ ಮಗ ಯಾವಾಗ ದುಡಿಯುತ್ತಾನೆಂದು ಕೇಳುವವರಿಗೆ ಕಡಿಮೆಯಿಲ್ಲ. ದುಡಿಯುವ ವಯಸ್ಸಿಗೆ ಬರುತ್ತಿದ್ದ ಮಗನನ್ನು ಎಂಟು ವರ್ಷ ಬಿಟ್ಟುಕೊಟ್ಟ ಆ ತಂದೆಯನ್ನು ನೆನೆದಾಗ ನನಗೆ ಆಶ್ಚರ್ಯವಾಗುತ್ತದೆ.

ಅಭ್ಯಾಸ ಬಲು ಕಠಿಣವಾದುದು. ಒಂದೇ ಸ್ವರಪಂಕ್ತಿಯನ್ನು ದಿನಗಟ್ಟಲೆ ತಿದ್ದಬೇಕು. ಇದರ ನಡುವೆ ಪ್ರಾಯ ಬಂದು ಹುಡುಗನ ಕಂಠ ಒಡೆಯಿತು. ಇದ್ದ ಇಂಪು ಹೋಗಿ ದನಿ ಒರಟಾಯಿತು. ಮತ್ತೊಬ್ಬನಾಗಿದ್ದರೆ ತಂಬೂರಿಯನ್ನು ಗೋಡೆಗೆ ಆನಿಸಿ ಲೆಕ್ಕದ ಪುಸ್ತಕ ಹಿಡಿಯುತ್ತಿದ್ದ. ರಾಮಭಾವು ಬಿಡಲಿಲ್ಲ. ಒರಟು ಕಟ್ಟಿಗೆಯನ್ನು ತೋಪಡಾ ಹಾಕಿ ಹಾಕಿ ನುಣುಪು ಮಾಡುವಂತೆ ಆ ದನಿಯನ್ನೇ ಸಾಧಿಸಿದರು. ಮುಂದೆ ಜನ ಮೆಚ್ಚಿದ ಅವರ ಮಾಧುರ್ಯ ದೈವದತ್ತವಾದುದಲ್ಲ, ದುಡಿದು ಗಳಿಸಿದ್ದು. ಬಡಿಗೇರನ ಮಗನಾದ ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗವಿದು.

ಶಿಕ್ಷಣದ ತರುವಾಯ ಅವರು ಮರಾಠಿ ನಾಟಕ ಕಂಪನಿ ಸೇರಿದರು. ಗುರುಗಳಿಗೆ ಇದು ಸಮ್ಮತವಿರಲಿಲ್ಲ. ರಂಗಭೂಮಿಯ ಮೇಲೆ ಕೂಗಿ ಹಾಡಿದರೆ ಕಂಠ ಕೆಡುತ್ತದೆ, ಖ್ಯಾಲಿನ ಗಾಂಭೀರ್ಯ ಹೋಗುತ್ತದೆ ಎಂಬ ಭಯ ಯಾವ ಗುರುವಿಗೂ ಇರುವಂಥದೇ. ಈ ವಿಷಯದಲ್ಲಿ ನಾನು ಶಿಷ್ಯನ ಪಕ್ಷ. ಗುಮಾಸ್ತನ ಮಗನಿಗೆ ಅನ್ನ ಬೇಕಿತ್ತು. ಆ ದಿನಗಳಲ್ಲಿ ಹಾಡುಗಾರನಿಗೆ ಬೆನ್ನ ಹಿಂದೆ ಅರಸನಿಲ್ಲದಿದ್ದರೆ ನಾಟಕವೇ ಅನ್ನ. ಅವರು ಸ್ತ್ರೀಪಾತ್ರಗಳನ್ನು ಮಾಡಿ ಹೆಸರು ಪಡೆದರು. ಆಗ ಮಹಾರಾಷ್ಟ್ರದಲ್ಲೆಲ್ಲ ಬಾಲಗಂಧರ್ವರ ಕೀರ್ತಿ ಹಬ್ಬಿತ್ತು. ಕನ್ನಡ ನಾಡಿನಿಂದ ಬಂದ ಈ ನಟನಿಗೆ ರಸಿಕರು ಸವಾಯಿ ಗಂಧರ್ವನೆಂದು ಕರೆದರು. ಸವಾಯಿಯೆಂದರೆ ಒಂದೂಕಾಲು, ಗಂಧರ್ವನಿಗಿಂತ ಕಾಲುಪಾಲು ಮಿಗಿಲು ಎಂದು ಅರ್ಥ. ಹುಟ್ಟಿದ ಹೆಸರು ಮರೆಯಾಗಿ ಆ ಹೆಸರೇ ನಿಂತಿತು.

ಇನ್ನು ಪ್ಲೇಟುಗಳ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ಗ್ರಾಮೋಫೋನ್ ಕಂಪನಿಯವರು ಮೊದಲು ಧ್ವನಿ ಮುದ್ರಿಸಿದ್ದು 1902ರಲ್ಲಿ, ಕಲಕತ್ತೆಯಲ್ಲಿ. ಮೊದಮೊದಲು ಗಾಯಕರು ಒಂದು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಕೂಗಿ ಹಾಡಬೇಕಾಗಿತ್ತು. 1925ರಿಂದ ಮೈಕ್ರೊಫೋನ್ ಬಂದು ಮೆಲುದನಿಗೂ ಬೆಲೆ ಬಂದಿತು. ಆದರೆ ಕಾಲದ ಮಿತಿ ಮಾತ್ರ ಹಾಗೆಯೇ ಉಳಿಯಿತು. ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೇ. ಸವಾಯಿ ಗಂಧರ್ವರ ಕಂಠವೋ ಮೊದಲಿಗೇ ಒಲಿಯುವಂಥದಲ್ಲ. ಬೈಠಕಿನಲ್ಲಿ ಕುಳಿತ ಮೇಲೆ ಬಹಳ ಹೊತ್ತು ದನಿ ಮೊಂಡಾಗಿರುತ್ತಿತ್ತಂತೆ. ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ತಟ್ಟಿ ಎಬ್ಬಿಸುತ್ತ ಹೋಗಿ, ಅದು ಕಾದು ಅರಳಿದ ಮೇಲೆ ಕೇಳುವವರು ಮೈಮರೆಯುತ್ತಿದ್ದರಂತೆ. ಹೀಗೆ ತಡವಾಗಿ ಅರಳುವ ಕಂಠಕ್ಕೆ ಕಂಪನಿಯವರು ಕೊಟ್ಟದ್ದು ಮೂರು ನಿಮಿಷ. ನಾವು ಕೇಳುವ ಪ್ಲೇಟಿನಲ್ಲಿ ಅವರು ಇನ್ನೂ ಬಾಗಿಲಲ್ಲಿಯೇ ನಿಂತಿದ್ದಾರೆ, ಒಳಗೆ ಬಂದಿಲ್ಲ.

ಇದನ್ನು ನಾನು ಸವಣೂರಿನಲ್ಲಿ ಹೇಳಿದಾಗ ಆ ನಾಲ್ವರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆ ಮೂರು ನಿಮಿಷವನ್ನಾದರೂ ನಾವು ಸರಿಯಾಗಿ ಕೇಳುತ್ತಿದ್ದೇವೆಯೇ ಎಂಬುದು ಹಾನಗಲ್ಲಿನ ಹಿರಿಯರ ಪ್ರಶ್ನೆ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಸ್ಪ್ರಿಂಗು ಸಡಿಲಾಗಿ 74ಕ್ಕೆ ಇಳಿದರೆ ದನಿ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ ಬೀಳುತ್ತದೆ. ಗಾಯಕನ ಶ್ರುತಿಯೇ ಬದಲಾಗುತ್ತದೆ. ಅದಕ್ಕೆಂದೇ ಅವರು 77 ಗೆರೆಗಳುಳ್ಳ ದುಂಡನೆಯ ಕಾಗದವೊಂದನ್ನು ಇಟ್ಟುಕೊಂಡಿದ್ದಾರೆ. ಅದನ್ನು ಪ್ಲೇಟಿನ ಮೇಲಿಟ್ಟು, ನಮ್ಮ 50 ಸೈಕಲ್ಲಿನ ಕರೆಂಟಿನಲ್ಲಿ ಉರಿಯುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರೆ, ವೇಗ ಸರಿಯಾದಾಗ ಗೆರೆಗಳು ನಿಂತಂತೆ ಕಾಣುತ್ತವೆ. ನೋಡಿ ಬೆರಗಾದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ಲೇಟು ಅರಗಿನಿಂದಲೂ ಕಲ್ಲಿನ ಪುಡಿಯಿಂದಲೂ ಮಾಡಿದ್ದು; ಅದರ ಮೇಲೆ ನೂರು ಗ್ರಾಮಿಗೂ ಮಿಕ್ಕ ಭಾರ ಹೊತ್ತ ಉಕ್ಕಿನ ಸೂಜಿ ಓಡುತ್ತದೆ. ಪ್ರತಿ ಬದಿಗೂ ಹೊಸ ಸೂಜಿ ಹಾಕಬೇಕು. ಹಾಕಿದರೂ ಗೆರೆ ಸ್ವಲ್ಪ ಸವೆದೇ ಸವೆಯುತ್ತದೆ. ಕೇಳಿದಷ್ಟೂ ಕಳೆಯುವ ವಸ್ತು ಇದು. ಆದ್ದರಿಂದ ಮಾಸ್ತರರು ಯಾವ ಪ್ಲೇಟನ್ನೂ ಒಂದೇ ದಿನ ಎರಡು ಸಲ ಹಚ್ಚುವುದಿಲ್ಲ.

ಹೀಗಿರಲು ರಾಮಭಾವುಗಳ ಗಾಯನ ಎಲ್ಲಿ ಉಳಿದಿದೆ? ಕುಂದಗೋಳದಲ್ಲಿ ಉಳಿದಿದೆಯೆಂದು ನನಗೆ ತೋರುತ್ತದೆ. ನಾಟಕದ ತಿರುಗಾಟ ಮುಗಿಸಿ ಅವರು ಊರಲ್ಲಿ ನೆಲೆಸಿದ ಮೇಲೆ ಆ ಮನೆ ಗುರುಕುಲವಾಯಿತು. ಗದಗಿನ ಭೀಮಸೇನ ಜೋಶಿಯೆಂಬ ಹುಡುಗ ಅಬ್ದುಲ್ ಕರೀಂ ಖಾನರ ಪ್ಲೇಟೊಂದನ್ನು ಅಂಗಡಿಯಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ. ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದು ಕೊನೆಗೆ 1936ರಲ್ಲಿ ಬಂದು ಸೇರಿದ್ದು ಅದೇ ಖಾನರ ಶಿಷ್ಯನ ಈ ಮನೆಗೆ. ಮೂರು ನಿಮಿಷದ ಪ್ಲೇಟು ಒಬ್ಬ ಹುಡುಗನನ್ನು ಮನೆ ಬಿಡಿಸಬಲ್ಲುದು. ಹಾಡುಗಾರನನ್ನಾಗಿ ಮಾಡಲು ಕುಂದಗೋಳದ ವರ್ಷಗಳೇ ಬೇಕಾದವು. ಕೊಡಗಳಿಂದ ನೀರು ಹೊರುವುದು, ಮನೆಗೆಲಸ ಮಾಡುವುದು, ಗುರು ಕರೆದಾಗ ಕುಳಿತು ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನು ತಿರುತಿರುಗಿ ತಿದ್ದುವುದು. ತಮಗೆ ಎಂಟು ವರ್ಷ ಕೊಟ್ಟ ಗುರುವಿನ ರೀತಿಯನ್ನೇ ಅವರು ತಮ್ಮ ಶಿಷ್ಯರ ಮೇಲೂ ನಡೆಸಿದರು.

ಗಂಗೂಬಾಯಿ ಹಾನಗಲ್ಲರ ವಿಷಯವೂ ಹಾಗೆಯೇ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿಯಾದರೂ ಮನೆತನದ ಹೆಸರಿನಲ್ಲಿ ನಮ್ಮ ಹಾನಗಲ್ಲ ಇದೆ. ಅವರೂ ಬಾಲ್ಯದಲ್ಲಿ ಬೀದಿಯಲ್ಲಿ ಗ್ರಾಮೋಫೋನು ಕೇಳಿಸಿದರೆ ಓಡಿಹೋಗಿ ನಿಲ್ಲುತ್ತಿದ್ದವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುವರು. ಸ್ಟೇಶನ್ನಿನವರೆಗೆ ಕಳಿಸಿಬರಲು ಭೀಮಸೇನ ಹೋಗುತ್ತಿದ್ದ. ಹೆಣ್ಣುಮಗಳೊಬ್ಬಳು ಸಂಗೀತಕ್ಕಾಗಿ ಹೀಗೆ ಓಡಾಡುವುದು ಆ ಕಾಲಕ್ಕೆ ಸುಲಭದ ಮಾತಲ್ಲ. ಮುಸಲ್ಮಾನ ಉಸ್ತಾದರಿಂದ ಬ್ರಾಹ್ಮಣ ಗುಮಾಸ್ತನ ಮಗನಿಗೆ, ಅವನಿಂದ ಗಂಗೂಬಾಯಿಯವರಿಗೆ. ಕುಲ ಕೇಳದೆ ಆ ವಿದ್ಯೆ ಕೈಯಿಂದ ಕೈಗೆ ದಾಟಿತು. ಬಸವರಾಜ ರಾಜಗುರು, ಫಿರೋಜ್ ದಸ್ತೂರ ಇವರೂ ರಾಮಭಾವುಗಳಲ್ಲಿ ಕಲಿತವರೇ.

1937ರಲ್ಲಿ ಅಬ್ದುಲ್ ಕರೀಂ ಖಾನರು ಪಾಂಡಿಚೇರಿಗೆ ಹೊರಟಾಗ ದಾರಿಯ ರೈಲು ನಿಲ್ದಾಣವೊಂದರಲ್ಲಿ ತೀರಿಕೊಂಡರು. ಐದು ವರ್ಷಗಳ ಬಳಿಕ, 1942ರಲ್ಲಿ, ಶಿಷ್ಯನಿಗೆ ಪಾರ್ಶ್ವವಾಯು ಬಡಿಯಿತು. ಅಷ್ಟು ಶ್ರಮದಿಂದ ಸಾಧಿಸಿದ ಕಂಠ ಸಭೆಗಳಿಂದ ದೂರವಾಯಿತು. ಹತ್ತು ವರ್ಷ ಹಾಗೆ ಕಳೆದು 1952ನೆಯ ಇಸವಿ ಸೆಪ್ಟೆಂಬರ 12ರಂದು ಪುಣೆಯಲ್ಲಿ ಅವರು ನಿಧನರಾದರು. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನೇವರಿಯಲ್ಲಿ. ಹತ್ತು ವರ್ಷ ಮೊದಲೇ ಅದು ಬಂದಿದ್ದರೆ, ಅರ್ಧ ತಾಸಿನ ಪೂರಿಯಾ ಒಂದು ಹಿರೇಕೆರೂರಿನವರೆಗೂ ಹರಿದುಬರಬಹುದಿತ್ತೆಂದು ಮರ್ಫಿ ರೇಡಿಯೋದ ಹಿರಿಯರು ಈಗಲೂ ಹಳಹಳಿಸುತ್ತಾರೆ.

1953ರಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಅದನ್ನು ದೊಡ್ಡದಾಗಿ ಬೆಳೆಸಿದವರು ಭೀಮಸೇನರು. ಕುಂದಗೋಳದ ನಾಡಗೀರರ ವಾಡೆಯಲ್ಲಿಯೂ ಪುಣ್ಯತಿಥಿಯ ಹಾಡಿಕೆ ನಡೆದುಬಂದಿದೆ. ಗಂಗೂಬಾಯಿಯವರು 2009ರಲ್ಲಿಯೂ ಭೀಮಸೇನರು 2011ರಲ್ಲಿಯೂ ಗತಿಸಿದರು. ರಾಮಭಾವುಗಳ ಎದುರಿಗೆ ಕುಳಿತು ಕಲಿತವರ ದನಿಯನ್ನೂ ಈಗ ನಾವು ಯಂತ್ರದಲ್ಲಿಯೇ ಕೇಳಬೇಕು.

ಕಳೆದ ತಿಂಗಳು ಪೆಟ್ಟಿಗೆಯ ಮುಚ್ಚಳದ ಬಿಜಾಗರಿ ಸಡಿಲಾಗಿದೆಯೆಂದು ಮತ್ತೆ ಕರೆ ಬಂದಿತು. ಅಪ್ಪ ಹೊಸ ಮೊಳೆ ಹಾಕಿ ಬಿಗಿ ಮಾಡಿದರು. ಮಾಸ್ತರರು ಅದೇ ಭೈರವಿಯನ್ನು ಹಚ್ಚಿದರು. ಮುಗಿಯಿತು. ಕೂಲಿಯ ಹೊರತು ಪರರ ಮನೆಯಲ್ಲಿ ಏನನ್ನೂ ಕೇಳದ ನನ್ನ ಅಪ್ಪ, ತಲೆ ತಗ್ಗಿಸಿ ಉಳಿಯನ್ನು ಒರೆಸುತ್ತ, ಇನ್ನೊಮ್ಮೆ ಹಚ್ಚಲಿಕ್ಕೆ ಆಗುತ್ತದೆಯೇ ಎಂದು ಕೇಳಿದರು. ಮೂವರು ಹಿರಿಯರೂ ಮಾಸ್ತರರ ಮುಖ ನೋಡಿದರು. ಮಾಸ್ತರರು ಒಂದು ಕ್ಷಣ ಸುಮ್ಮನಿದ್ದು, ಡಬ್ಬಿ ತೆರೆದು ಹೊಸ ಸೂಜಿಯೊಂದನ್ನು ಹೊರಗೆ ತೆಗೆದರು.